ಲೊಂಬೊಕ್, ಸುಂಬಾ, ಫ್ಲೋರೆಸ್: ಇಂಡೋನೇಷ್ಯಾದ ದ್ವೀಪದ ಹಳ್ಳಿಯಲ್ಲಿ ನೆಲೆಸಲು, ದುಡ್ಡು ಹಾಕಲು ಯಾವುದು ಸರಿ?

ಬಾಲಿಯ ಚಂಗು, ಉಬುದ್ ಕಡೆ ಜಾಗದ ಬೆಲೆ ಏರಿದ ಮೇಲೆ, ಹಳ್ಳಿಯ ಬದುಕೂ ಬೇಕು, ಒಂದಿಷ್ಟು ಹೂಡಿಕೆಯೂ ಆಗಬೇಕು ಎನ್ನುವ ಹೊರಗಿನವರು ಇನ್ನೂ ಪೂರ್ವಕ್ಕೆ ಸರಿದಿದ್ದಾರೆ. ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ 2024ರಲ್ಲಿ ನೇರ ವಿಮಾನ ಶುರುವಾಯಿತು. ಅಲ್ಲಿಂದ ಲೊಂಬೊಕ್‌ಗೆ ಅರ್ಧ ಗಂಟೆಯ ಹಾರಾಟ. ಸುಂಬಾಗಾಗಲಿ ಫ್ಲೋರೆಸ್‌ನ ಲಾಬುವಾನ್ ಬಾಜೊಗಾಗಲಿ ಒಂದು ಗಂಟೆಯ ಮೇಲೆ ಸ್ವಲ್ಪ. ತಲುಪುವುದು ಕಷ್ಟವಲ್ಲ. ಕಷ್ಟವಿರುವುದು ಕಾಗದದಲ್ಲಿ, ನೀರಿನಲ್ಲಿ.

ಮೂರೂ ಕಡೆ ಕಡಲು ನೀಲಿಯೇ, ಮರಳು ಬಿಳಿಯೇ. ಅದನ್ನು ನೋಡಿ ಆಯ್ಕೆ ಮಾಡಿದರೆ ಏನೂ ತಿಳಿಯುವುದಿಲ್ಲ. ಜಾಗಕ್ಕೆ ಎಷ್ಟು ಜನ ಸಹಿ ಹಾಕಬೇಕು, ಅಕ್ಟೋಬರ್‌ನಲ್ಲಿ ನೀರು ಎಲ್ಲಿಂದ ಬರುತ್ತದೆ, ನಿಮ್ಮ ಹೆಸರಿಗೆ ಯಾವ ಬಗೆಯ ಹಕ್ಕು ಸಿಗುತ್ತದೆ ಎಂಬ ಮೂರು ಪ್ರಶ್ನೆಗಳಿಂದ ಹೋಲಿಸಿ. ಕೊನೆಯದನ್ನು ಮೊದಲು ನೋಡೋಣ, ಏಕೆಂದರೆ ಆ ಕಾನೂನು ಎಲ್ಲ ದ್ವೀಪಗಳಿಗೂ ಒಂದೇ.

ಯಾವ ಹಕ್ಕು?

1960ರ ಭೂ ಕಾಯ್ದೆಯ ಪ್ರಕಾರ ಹಕ್ ಮಿಲಿಕ್, ಅಂದರೆ ಪೂರ್ಣ ಒಡೆತನ, ಇಂಡೋನೇಷ್ಯಾದ ಪ್ರಜೆಗೆ ಮಾತ್ರ. 26ನೇ ಕಲಂ ಇನ್ನೂ ಬಿಗಿ: ವಿದೇಶಿಗೆ ನೇರವಾಗಲಿ, ಬಳಸುದಾರಿಯಲ್ಲಾಗಲಿ ಒಡೆತನ ದಾಟಿಸುವ ವ್ಯವಹಾರ ಅಸಿಂಧು, ಜಮೀನು ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ಹಣವನ್ನು ವಾಪಸ್ ಕೇಳುವಂತಿಲ್ಲ. ಊರಿನ ಗೆಳೆಯನ ಹೆಸರಲ್ಲಿ ಕೊಂಡು, ಪಕ್ಕದಲ್ಲಿ ಸಾಲಪತ್ರವನ್ನೂ ಅಧಿಕಾರ ಪತ್ರವನ್ನೂ ಬರೆಸಿಟ್ಟುಕೊಳ್ಳುವ ಬೇನಾಮಿ ದಾರಿಯನ್ನು ದಲ್ಲಾಳಿಗಳು ಇವತ್ತಿಗೂ ತೋರಿಸುತ್ತಾರೆ. 'ಎಲ್ಲರೂ ಮಾಡೋದು ಹೀಗೇ' ಎಂಬ ಮಾತು ನಿಜವೂ ಇರಬಹುದು. ಆದರೆ ಆ ಗೆಳೆಯ ತೀರಿಕೊಂಡ ದಿನ ಅವನ ಮಕ್ಕಳು ನಿಮಗೆ ಏನೂ ಕೊಡಬೇಕಾಗಿಲ್ಲ. ನೀವು ಕೋರ್ಟಿಗೆ ಹೋದರೆ ಕಾನೂನು ತಪ್ಪಿಸಿದ್ದನ್ನು ನಿಮ್ಮ ಬಾಯಿಂದಲೇ ಹೇಳಿದಂತಾಗುತ್ತದೆ. ಹಾಗಾಗಿ ಈ ದಾರಿಯನ್ನು ಇಲ್ಲಿ ಆಯ್ಕೆಯಾಗಿ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಉಳಿಯುವುದು ಮೂರು. ಮೊದಲನೆಯದು ಹಕ್ ಸೆವಾ, ಅಂದರೆ ಗುತ್ತಿಗೆ. ಸಾಮಾನ್ಯವಾಗಿ 25ರಿಂದ 30 ವರ್ಷ, ಪೂರ್ತಿ ಹಣ ಮುಂಗಡ. ಯಾವ ವಿದೇಶಿಯೂ ಮಾಡಿಸಿಕೊಳ್ಳಬಹುದು, ಖರ್ಚು ಕಡಿಮೆ. ಅವಧಿ ಮುಗಿದ ದಿನ ನೀವು ಕಟ್ಟಿದ ಮನೆಯೂ ಸಾಮಾನ್ಯವಾಗಿ ಜಾಗದ ಒಡೆಯನದೇ.

ಎರಡನೆಯದು ಹಕ್ ಪಾಕಾಯ್, ಬಳಕೆಯ ಹಕ್ಕು. ಇದು ಸರ್ಟಿಫಿಕೇಟಿನಲ್ಲಿ ನಿಮ್ಮ ಹೆಸರಿಗೇ ದಾಖಲಾಗುತ್ತದೆ. 2021ರ 18ನೇ ಸರ್ಕಾರಿ ನಿಯಮದ ಪ್ರಕಾರ 30 ವರ್ಷ, ಮುಂದೆ 20 ವರ್ಷದ ವಿಸ್ತರಣೆ, ಅದರ ಮೇಲೆ 30 ವರ್ಷದ ನವೀಕರಣ. ವಾಸದ ಮನೆಗೆ ಮಾತ್ರ ಮತ್ತು ಒಂದು ಕುಟುಂಬಕ್ಕೆ ಒಂದೇ. ಪ್ರಾಂತ್ಯವಾರು ಕನಿಷ್ಠ ಬೆಲೆಯೂ ನಿಗದಿಯಾಗಿದೆ: ಬಾಲಿಯಲ್ಲಿ ಮನೆಗೆ 500 ಕೋಟಿ ರೂಪಿಯಾ, ಲೊಂಬೊಕ್ ಇರುವ ಪಶ್ಚಿಮ ನುಸಾ ತೆಂಗರಾದಲ್ಲಿ 300 ಕೋಟಿ. ನಮ್ಮ ಒಂದು ರೂಪಾಯಿಗೆ ಸುಮಾರು 190 ರೂಪಿಯಾ ಎಂದು ಹಿಡಿದರೆ 300 ಕೋಟಿ ಎಂದರೆ ಒಂದೂವರೆ ಕೋಟಿ ರೂಪಾಯಿಗೂ ಮೇಲೆ. ದೇಶ ಬಿಟ್ಟು ಅರ್ಹತೆ ಕಳೆದುಕೊಂಡರೆ ಒಂದು ವರ್ಷದೊಳಗೆ ಬೇರೆಯವರಿಗೆ ದಾಟಿಸಬೇಕು.

ಮೂರನೆಯದು ಪಿಟಿ ಪಿಎಂಎ ಎಂಬ ವಿದೇಶಿ ಬಂಡವಾಳದ ಕಂಪನಿ ತೆರೆದು, ಅದರ ಹೆಸರಿಗೆ ಹಕ್ ಗುನಾ ಬಂಗುನಾನ್, ಅಂದರೆ ಕಟ್ಟಡ ಕಟ್ಟುವ ಹಕ್ಕು ಪಡೆಯುವುದು. ಅವಧಿ ಇದಕ್ಕೂ 30, 20, 30. ಹಕ್ ಮಿಲಿಕ್ ಜಮೀನನ್ನು ಭೂ ಕಚೇರಿ ಬಿಪಿಎನ್‌ನಲ್ಲಿ ಕೆಳಗಿನ ದರ್ಜೆಯ ಹಕ್ಕಿಗೆ ಇಳಿಸಿ ಕಂಪನಿಗೆ ವರ್ಗಾಯಿಸುತ್ತಾರೆ. ಕಂಪನಿಯ ಹೂಡಿಕೆ ಯೋಜನೆ ಜಮೀನು, ಕಟ್ಟಡ ಬಿಟ್ಟು 1,000 ಕೋಟಿ ರೂಪಿಯಾ ಮೀರಬೇಕೆಂಬುದು ಸಾಮಾನ್ಯ ನಿಯಮ. ಪಾವತಿಸಿದ ಬಂಡವಾಳದ ಕನಿಷ್ಠ ಮೊತ್ತವನ್ನು 2025ರ ಅಕ್ಟೋಬರ್‌ನಲ್ಲಿ 250 ಕೋಟಿಗೆ ಇಳಿಸಿದರು, ಆದರೆ ಯೋಜನೆಯ ಮೊತ್ತ ಇಳಿಯಲಿಲ್ಲ. 'ಈಗ 250 ಕೋಟಿ ಇದ್ದರೆ ಸಾಕು' ಎಂದು ಏಜೆಂಟರು ಹೇಳುವಾಗ ಈ ಅರ್ಧವನ್ನು ನುಂಗಿಬಿಡುತ್ತಾರೆ. ಮೂರು ತಿಂಗಳಿಗೊಮ್ಮೆ ಹೂಡಿಕೆ ವರದಿ, ತಿಂಗಳು ತಿಂಗಳು ತೆರಿಗೆ ವಿವರ, ಲೆಕ್ಕಿಗರ ಸಂಬಳ, ಇವೆಲ್ಲ ವ್ಯಾಪಾರ ಓಡದಿದ್ದರೂ ತಪ್ಪುವುದಿಲ್ಲ.

ನಮ್ಮ ತೀರ್ಮಾನ ಸರಳ. ಇರುವುದಕ್ಕೆ ಮಾತ್ರವಾದರೆ ಗುತ್ತಿಗೆ, ಅದಕ್ಕೂ ಮೊದಲು ಒಂದು ವರ್ಷ ಬಾಡಿಗೆ. ದಿನಬಾಡಿಗೆಗೆ ಕೊಡುವ ವಿಲ್ಲಾ ನಡೆಸುವುದಾದರೆ ಕಂಪನಿ ಬಿಟ್ಟು ದಾರಿಯಿಲ್ಲ. ಹಕ್ ಪಾಕಾಯ್ ಚೆನ್ನಾಗಿರುವುದು ನಿವೃತ್ತಿಯ ನಂತರ ಅಲ್ಲೇ ಉಳಿಯುವ ಹಣವಂತರಿಗೆ.

ಗುತ್ತಿಗೆ ಪತ್ರದ ಒಳಗೆ

ಗುತ್ತಿಗೆ ಹಾಳಾಗುವುದು ಹೆಚ್ಚಾಗಿ ಒಂದೇ ಸಾಲಿನಿಂದ: 'ವಿಸ್ತರಣೆಯ ಬೆಲೆಯನ್ನು ಆ ಸಮಯದಲ್ಲಿ ಉಭಯರೂ ಒಪ್ಪಿ ನಿರ್ಧರಿಸತಕ್ಕದ್ದು.' ಓದಲು ಚೆನ್ನಾಗಿದೆ, ಹುರುಳಿಲ್ಲ. ಒಪ್ಪದಿದ್ದರೆ ಏನು ಎಂಬುದು ಅದರಲ್ಲಿಲ್ಲ. ಅದರ ಬದಲು ಪರವಾನಗಿ ಪಡೆದ ಮೌಲ್ಯಮಾಪಕರು ಹೇಳಿದ ಬೆಲೆ, ಅದಕ್ಕೊಂದು ಮೇಲ್ಮಿತಿ, ಅವಧಿ ಮುಗಿಯುವ ಎಷ್ಟು ವರ್ಷ ಮೊದಲು ನೀವು ನೋಟಿಸ್ ಕೊಡಬೇಕು ಎಂಬುದು, ಈ ಮೂರನ್ನೂ ಬರೆಸಿ. ಮರುಗುತ್ತಿಗೆಗೆ ಕೊಡುವ, ಬೇರೆಯವರಿಗೆ ವರ್ಗಾಯಿಸುವ ಹಕ್ಕು ಸ್ಪಷ್ಟವಾಗಿರಲಿ. ಒಡೆಯ ತೀರಿಕೊಂಡರೆ ವಾರಸುದಾರರೂ ಬದ್ಧರು ಎಂಬುದೂ ಇರಲಿ. ಜಮೀನು ಮಾರಾಟವಾದರೂ ಗುತ್ತಿಗೆ ಮುರಿಯದು ಎಂದು ಅಲ್ಲಿನ ನಾಗರಿಕ ಸಂಹಿತೆಯ 1576ನೇ ಕಲಂ ಹೇಳುತ್ತದೆ, ಆದರೂ ಪತ್ರದಲ್ಲಿ ಇರುವುದು ಒಳ್ಳೆಯದು. 2009ರ ಭಾಷಾ ಕಾಯ್ದೆಯ ಪ್ರಕಾರ ಒಪ್ಪಂದ ಇಂಡೋನೇಷ್ಯಾದ ಭಾಷೆಯಲ್ಲಿ ಇರಲೇಬೇಕು. ಇಂಗ್ಲಿಷ್ ಪ್ರತಿ ಮಾತ್ರ ಇಟ್ಟುಕೊಂಡವರ ಒಪ್ಪಂದ ಕೋರ್ಟಿನಲ್ಲಿ ನಿಲ್ಲದೇ ಹೋಗಬಹುದು.

ಸಹಿಯ ವಿಷಯದಲ್ಲಿ ಗಂಡನದು ಮಾತ್ರ ಸಾಲದು. ಮದುವೆಯ ನಂತರ ಗಳಿಸಿದ ಆಸ್ತಿಗೆ ಹೆಂಡತಿಯ ಒಪ್ಪಿಗೆಯೂ ಬೇಕು. ಪಿತ್ರಾರ್ಜಿತವಾದರೆ ವಾರಸಾ ದೃಢೀಕರಣ ಪತ್ರ ತರಿಸಿ, ಅದರಲ್ಲಿರುವ ಅಣ್ಣತಮ್ಮ, ಅಕ್ಕತಂಗಿ ಎಲ್ಲರ ಸಹಿ ಹಾಕಿಸಿ. ಮಲೇಷ್ಯಾಕ್ಕೆ ಕೂಲಿಗೆ ಹೋದ ಒಬ್ಬ ತಮ್ಮ ಲೊಂಬೊಕ್‌ನ ಬಹಳಷ್ಟು ಮನೆಗಳಲ್ಲಿ ಇರುತ್ತಾನೆ. ಅವನ ಸಹಿ ಬಿಟ್ಟು ಮುಂದೆ ಹೋದ ವ್ಯವಹಾರ ಅವನು ಊರಿಗೆ ಬಂದಾಗ ನಿಲ್ಲುತ್ತದೆ.

ದುಡ್ಡು ಕೊಡುವ ಮೊದಲಿನ ಕ್ರಮ ಹೀಗೆ: ಪಿಪಿಎಟಿ ಎಂಬ ಭೂ ಪತ್ರ ಅಧಿಕಾರಿಯ ಮೂಲಕ ಬಿಪಿಎನ್‌ನಲ್ಲಿ ಸರ್ಟಿಫಿಕೇಟ್ ಪರಿಶೀಲನೆ. ಸೆಂತುಹ್ ತನಹ್‌ಕು ಎಂಬ ಸರ್ಕಾರಿ ಆ್ಯಪ್‌ನಲ್ಲಿ ಜಾಗದ ನಕ್ಷೆ ನೋಡುವುದು. ಆಮೇಲೆ ಅಕ್ಕಪಕ್ಕದವರನ್ನು ನಿಲ್ಲಿಸಿಕೊಂಡು ಸರ್ವೆಯವರಿಂದ ಚೆಕ್ಕುಬಂದಿ ಅಳತೆ. ನಂತರ ವಲಯ ನಕ್ಷೆ. ಸಂರಕ್ಷಿತ ಗದ್ದೆ ಎಂದು ಗುರುತಾಗಿದ್ದರೆ ಕಟ್ಟುವ ಮಾತೇ ಇಲ್ಲ. ಕಡಲ ದಂಡೆಯಲ್ಲಾದರೆ ಉಬ್ಬರದ ಗರಿಷ್ಠ ಗೆರೆಯಿಂದ ಕನಿಷ್ಠ 100 ಮೀಟರ್ ಬಿಡಬೇಕು. 'ಬೀಚ್‌ಗೆ ತಾಗಿದ ಜಾಗ' ಎಂದು ಮಾರುವ ತುಂಡಿನಲ್ಲಿ ಕಟ್ಟಲು ಬರುವುದು ಹಿಂದಿನ ಅರ್ಧ ಮಾತ್ರ, ಬೆಲೆ ಮಾತ್ರ ಮುಂದಿನ ಅರ್ಧದ್ದು. ಕೊನೆಯದಾಗಿ ದಾರಿ. ನೀವು ಬೈಕಿನಲ್ಲಿ ಬಂದ ದಾರಿ ಯಾರದೋ ತೆಂಗಿನ ತೋಟವಾಗಿದ್ದರೆ ಅದಕ್ಕೂ ನೋಟಾರಿಸ್ ಮುಂದೆ ಪತ್ರ ಆಗಬೇಕು. ಮುಂಗಡವನ್ನು ಮಕೆಲಾರ್, ಅಂದರೆ ದಲ್ಲಾಳಿಯ ಕೈಗೆ ಕೊಡಬೇಡಿ. ಹಳ್ಳಿಗಳಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಮೂರು ನಾಲ್ಕು ಜನ ಇರುತ್ತಾರೆ, ಪ್ರತಿಯೊಬ್ಬರೂ ಬೆಲೆ ಏರಿಸಿರುತ್ತಾರೆ.

ಸರ್ಟಿಫಿಕೇಟ್ ಇಲ್ಲದ ಜಮೀನಿಗೆ ಗಿರಿಕ್, ಪಿಪಿಲ್ ಎಂಬ ಹಳೆಯ ತೆರಿಗೆ ಕಾಗದಗಳನ್ನು ತೋರಿಸುತ್ತಾರೆ. ಇಂಥ ಹಳೆಯ ಕಾಗದಗಳನ್ನು ನೋಂದಾಯಿಸಲು 2021ರ ನಿಯಮ ಕೊಟ್ಟ 5 ವರ್ಷದ ಗಡುವು 2026ರ ಫೆಬ್ರುವರಿಗೆ ಮುಗಿದಿದೆ. ಈಗ ಅವು ಒಡೆತನದ ಪುರಾವೆಯಲ್ಲ, ಸುಳಿವು ಅಷ್ಟೇ. ಮೊದಲು ಒಡೆಯನೇ ಸರ್ಟಿಫಿಕೇಟ್ ಮಾಡಿಸಲಿ, ಆಮೇಲೆ ನಿಮ್ಮ ಮಾತು.

ಮೂರು ಊರುಗಳು, ಮೂರು ಬಗೆಯ ತೊಡಕು

ದಕ್ಷಿಣ ಲೊಂಬೊಕ್‌ನಲ್ಲಿ ಕುತಾ ಹಳ್ಳಿಯ ಪಕ್ಕ 2014ರಲ್ಲಿ ಘೋಷಿಸಿದ ಮಂದಾಲಿಕಾ ವಿಶೇಷ ಆರ್ಥಿಕ ವಲಯವಿದೆ, ಬೈಕ್ ರೇಸಿನ ಸರ್ಕ್ಯೂಟ್ ಅದರೊಳಗೇ. ರಸ್ತೆ ಒಳ್ಳೆಯದು, ವಿಮಾನ ನಿಲ್ದಾಣ ಹತ್ತಿರ, ದೊಡ್ಡ ಆಸ್ಪತ್ರೆ ಮತಾರಾಮ್‌ನಲ್ಲಿ. ವಲಯದ ಒಳಗೆ ಸರ್ಕಾರಿ ಸಂಸ್ಥೆಯೇ ಜಮೀನಿನ ಹಕ್ಕುದಾರ. ಹೊರಗಿನವರು ನೋಡುವುದು ಸೆಲೋಂಗ್ ಬೆಲಾನಕ್, ಆರೆ ಗುಲಿಂಗ್, ಇನ್ನೂ ಪೂರ್ವದ ಎಕಾಸ್ ಕಡೆ. ಇಲ್ಲಿ ಬೆಲೆ ಹೇಳುವುದು 'ಆರೆ' ಲೆಕ್ಕದಲ್ಲಿ. ಒಂದು ಆರೆ ಎಂದರೆ 100 ಚದರ ಮೀಟರ್, 1,076 ಚದರ ಅಡಿ. ನಮ್ಮ ಗುಂಟೆ 1,089 ಚದರ ಅಡಿ. ಗುಂಟೆಯಲ್ಲಿ ಯೋಚಿಸುವವರಿಗೆ ಹೊಸ ಲೆಕ್ಕ ಬೇಕಿಲ್ಲ. ಇಲ್ಲಿಯ ತೊಡಕು ಒಂದೇ ಜಾಗಕ್ಕೆ ಎರಡು ಸರ್ಟಿಫಿಕೇಟ್. ಬೆಲೆ ಏರುತ್ತದೆಂದು ಹಿಂದೆಯೇ ಕೊಂಡಿಟ್ಟ ನಗರದವರ ಕಾಗದ ಒಂದು, ಉಳುತ್ತಿರುವ ರೈತನ ಕಾಗದ ಇನ್ನೊಂದು. ಕಾಗದ ಎಷ್ಟೇ ಚೊಕ್ಕವಾಗಿದ್ದರೂ ಜಾಗದಲ್ಲಿ ಎಮ್ಮೆ ಕಟ್ಟಿದವರು ಯಾರು ಎಂದು ಕೇಳಿ.

ವಾಯುವ್ಯದ ಗಿಲಿ ದ್ವೀಪಗಳ ಆಸೆ ಹಲವರಿಗೆ. ಟ್ರಾವಂಗಾನ್‌ನ ದೊಡ್ಡ ಭಾಗ ಪ್ರಾಂತ್ಯ ಸರ್ಕಾರದ ಸ್ವತ್ತು. ಖಾಸಗಿ ಕಂಪನಿಯೊಂದಕ್ಕೆ ಕೊಟ್ಟಿದ್ದ ಒಪ್ಪಂದವನ್ನು ಸರ್ಕಾರ 2021ರಲ್ಲಿ ರದ್ದು ಮಾಡಿತು. ಅಂಥ ಜಾಗದಲ್ಲಿ 'ಮಾಲೀಕ' ಎಂದವರೊಡನೆ ಗುತ್ತಿಗೆ ಮಾಡುವ ಮುನ್ನ ಎರಡು ಸಲ ಯೋಚಿಸಿ.

ಸುಂಬಾದ್ದು ಬೇರೆಯೇ ಲೋಕ. ನಾಲ್ಕು ಜಿಲ್ಲೆ, ಎರಡು ವಿಮಾನ ನಿಲ್ದಾಣ: ಪಶ್ಚಿಮಕ್ಕೆ ತಂಬೋಲಕಾ, ಪೂರ್ವಕ್ಕೆ ವಾಯಿಂಗಪು. ಜಮೀನು ಅಗ್ಗ ಎಂದು ಎಲ್ಲರೂ ಹೇಳುತ್ತಾರೆ. ಅಗ್ಗವೇ, ಆದರೆ ಅದರ ಮೇಲೆ ಕಬಿಹು ಎಂಬ ಕುಲದ ಹಕ್ಕು ಇರುತ್ತದೆ. ಮಾರಾಪು ಎಂಬ ಪೂರ್ವಜರ ಆರಾಧನೆಯ ನಂಬಿಕೆಯ ಹಿರಿಯರು, ಹಂಚಿಹೋದ ಮನೆತನಗಳು, ಊರ ನಡುವಿನ ಸಮಾಧಿ ಕಲ್ಲುಗಳು, ಇವೆಲ್ಲ ಸರ್ಟಿಫಿಕೇಟಿನಲ್ಲಿ ಕಾಣುವುದಿಲ್ಲ. ಸರ್ಟಿಫಿಕೇಟಿನ ಒಡೆಯನೊಬ್ಬನ ಸಹಿಗೆ ಕುಲದ ಹಿರಿಯರ ಸಭೆಯ ಒಪ್ಪಿಗೆ, ಹಳ್ಳಿಯ ಮುಖ್ಯಸ್ಥ ಕೆಪಾಲಾ ದೇಸಾನ ಸಾಕ್ಷಿ ಜೊತೆಗೂಡಬೇಕು. ನೆಲೆಸಿದ ಮೇಲೂ ಖರ್ಚಿದೆ: ನೆರೆಯವರ ಮನೆಯಲ್ಲಿ ಸಾವಾದರೆ ಹಂದಿಯನ್ನೋ, ಹತ್ತಿರದವರಾದರೆ ಎಮ್ಮೆಯನ್ನೋ ಒಯ್ಯುವ ಪದ್ಧತಿ. ವರ್ಷದ ಬಜೆಟ್ಟಿನಲ್ಲಿ ಅದಕ್ಕೊಂದು ಸಾಲು ಇಡಿ. ಕಂಪನಿ ಹೆಸರಲ್ಲಿ ಹಕ್ಕು ಪಡೆದು ಬೇಲಿ ಹಾಕಿ ಬೆಲೆ ಏರಲೆಂದು ಕಾಯುವುದೂ ಅಪಾಯವೇ. ಎರಡು ವರ್ಷ ಬಳಸದಿದ್ದರೆ ಪಾಳು ಜಮೀನು ಎಂದು ಘೋಷಿಸುವ ಪ್ರಕ್ರಿಯೆ ಶುರುವಾಗಬಹುದು.

ಲಾಬುವಾನ್ ಬಾಜೊದಲ್ಲಿ ಕೊಮೊಡೊ ಉದ್ಯಾನದ ದೆಸೆಯಿಂದ ಪ್ರವಾಸಿಗರ ಹರಿವು ಖಚಿತ, ಅದರ ಬೆಲೆಯೂ ಜಮೀನಿಗೆ ಸೇರಿಯಾಗಿದೆ. ಮಂಗರಾಯ್ ಜನರ ಸಮುದಾಯ ಭೂಮಿಯನ್ನು ಲಿಂಗ್ಕೊ ಎನ್ನುತ್ತಾರೆ. ಚಂಚಾರ್‌ನಲ್ಲಿ ಜೇಡನ ಬಲೆಯಂತೆ ಕಾಣುವ ಗದ್ದೆಗಳು ಇವೇ. ಹಂಚುವ ಅಧಿಕಾರ ತುವಾ ತೆನೊ ಎಂಬ ಹಿರಿಯನದು. ತೊಡಕು ಹುಟ್ಟುವುದೂ ಅಲ್ಲೇ: ಒಂದೇ ಲಿಂಗ್ಕೊವನ್ನು ತಮ್ಮದೆನ್ನುವ ಎರಡು ಮನೆತನ, ಇಬ್ಬರು ಹಿರಿಯರು, ಎರಡು ಹಸ್ತಾಂತರ ಪತ್ರ. ಸರ್ಟಿಫಿಕೇಟ್ ಹುಟ್ಟಿದ್ದು ಯಾರ ಪತ್ರದಿಂದ ಎಂದು ಹಿಂದಕ್ಕೆ ಹೋಗಿ ನೋಡದೆ ಸಹಿ ಹಾಕಬೇಡಿ.

ಪ್ರವಾಸಿಗರ ಹಂಗಿಲ್ಲದೆ ಬದುಕುವುದಷ್ಟೇ ಉದ್ದೇಶವಾದರೆ ನಮ್ಮ ಮತ ಕಡಲಿಗಲ್ಲ, ಫ್ಲೋರೆಸ್‌ನ ಒಳಗಿನ ರುತೆಂಗ್‌ಗೆ. ಸುಮಾರು 1,200 ಮೀಟರ್ ಎತ್ತರ, ತಣ್ಣನೆ ಗಾಳಿ, ನೀರಿಗೆ ಬರವಿಲ್ಲ, ಸುತ್ತ ಕಾಫಿ. ಲಾಬುವಾನ್ ಬಾಜೊದಿಂದ ತಿರುವಿನ ದಾರಿಯಲ್ಲಿ ನಾಲ್ಕು ಗಂಟೆ. ಕೊಡಗು, ಚಿಕ್ಕಮಗಳೂರಿನವರಿಗೆ ಹಿಡಿಸುವ ಊರು. ಹೂಡಿಕೆಗೆ ಮಾತ್ರ ಅಲ್ಲ. ತೋಟಕ್ಕೆ ಬೇಕಾದ ಹಕ್ಕೇ ಬೇರೆ, ಅದು ವ್ಯಕ್ತಿಯಾಗಿ ವಿದೇಶಿಗೆ ಸಿಗುವುದಿಲ್ಲ.

ನೀರು, ಕರೆಂಟು, ಗೋಡೆ

ಈ ಭಾಗದಲ್ಲಿ ಮಳೆ ನವೆಂಬರ್‌ನಿಂದ ಮಾರ್ಚ್, ಹೆಚ್ಚೆಂದರೆ ಏಪ್ರಿಲ್. ಜಾಗ ನೋಡಲು ಬರುವವರು ಮಳೆ ಮುಗಿದ ಮೇ ತಿಂಗಳಲ್ಲಿ ಬರುತ್ತಾರೆ, ಎಲ್ಲ ಹಸಿರು. ನೋಡಬೇಕಾದ್ದು ಅಕ್ಟೋಬರ್‌ನಲ್ಲಿ. ಪೂರ್ವ ಸುಂಬಾದ ಕರಾವಳಿಯಲ್ಲಿ ವರ್ಷಕ್ಕೆ 800 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡು ಲೆಕ್ಕ ಹಾಕಿ: 100 ಚದರ ಮೀಟರ್ ತಗಡಿನ ಮಾಡು, ಐದರಲ್ಲೊಂದು ಪಾಲು ಸೋರಿ ಹೋದರೆ ಸಿಗುವುದು 64,000 ಲೀಟರ್. ನಾಲ್ಕು ಜನ, ದಿನಕ್ಕೆ ತಲಾ 100 ಲೀಟರ್, ಒಣಗಾಲ ಎಂಟು ತಿಂಗಳಿಗೆ ಎಳೆದರೆ 240 ದಿನಕ್ಕೆ ಬೇಕಾದ್ದು 96,000. ಬಿದ್ದದ್ದನ್ನೆಲ್ಲ ಹಿಡಿದಿಟ್ಟರೂ ಮೂರನೇ ಒಂದು ಪಾಲು ಕೊರತೆ. ಅದನ್ನು ತುಂಬುವುದು ಟ್ಯಾಂಕರ್ ಅಥವಾ ಬೋರ್. ಬೋರ್ ಕೊರೆಸುವ ಮುನ್ನ ನೆರೆಯ ಬಾವಿಯ ನೀರನ್ನು ಒಣಗಾಲದಲ್ಲಿ ಕುಡಿದು ನೋಡಿ. ಕಡಲಿಗೆ ಹತ್ತಿರ ಹೆಚ್ಚು ಎಳೆದಷ್ಟೂ ಉಪ್ಪು ಒಳಬರುತ್ತದೆ. ಒಮ್ಮೆ ಉಪ್ಪಾದ ಬೋರ್ ಮತ್ತೆ ಸಿಹಿಯಾಗುವುದಕ್ಕೆ ಬಹಳ ಕಾಲ ಬೇಕು. ಅಗ್ಗದ ಮೇಲ್ಮೈ ಪಂಪು ಎಂಟು ಮೀಟರಿಗಿಂತ ಆಳದಿಂದ ಎತ್ತದು, ಅದಕ್ಕಿಂತ ಕೆಳಗಾದರೆ ಸಬ್‌ಮರ್ಸಿಬಲ್ಲೇ.

ಕರೆಂಟು ಸರ್ಕಾರಿ ವಿದ್ಯುತ್ ಕಂಪನಿ ಪಿಎಲ್‌ಎನ್‌ನದು. ಪ್ರಿಪೇಯ್ಡ್ ಟೋಕನ್ ಅಂಗಡಿಯಲ್ಲಿ ಸಿಗುತ್ತದೆ. 1,300 ವಿಎ ಸಂಪರ್ಕದಲ್ಲಿ ಒಂದು ಎಸಿ ಮತ್ತು ಪಂಪು ಒಟ್ಟಿಗೆ ಓಡಿದರೆ ಎಂಸಿಬಿ ಬೀಳಬಹುದು. ವಾಸಕ್ಕೆ 2,200, ವಿಲ್ಲಾಕ್ಕೆ 5,500 ಕೇಳಿ. ಕಂಬ ಎಷ್ಟು ದೂರದಲ್ಲಿದೆ ಎಂದು ಮೊದಲೇ ಅಳೆಯಿರಿ. ಒಂಟಿ ಮನೆಗಾಗಿ ಲೈನ್ ಎಳೆಸುವ ಖರ್ಚು ಬಹುತೇಕ ನಿಮ್ಮ ತಲೆಗೇ.

ಮನೆ ಕಟ್ಟುವಾಗ 2018ರ ಆಗಸ್ಟ್ 5ರ ಲೊಂಬೊಕ್ ಭೂಕಂಪ ನೆನಪಿರಲಿ. 500ಕ್ಕೂ ಹೆಚ್ಚು ಜನ ಸತ್ತರು. ಬಿದ್ದವುಗಳಲ್ಲಿ ಬಹಳಷ್ಟು ಕಂಬ, ತೊಲೆಗಳ ಕಟ್ಟಿಲ್ಲದೆ ಬರೀ ಇಟ್ಟಿಗೆ ಪೇರಿಸಿದ ಮನೆಗಳು. ಮೂಲೆ ಮೂಲೆಗೂ ಆರ್‌ಸಿಸಿ ಕಂಬ, ಗೋಡೆಯ ತಲೆಗೆ ಸುತ್ತಲೂ ರಿಂಗ್ ಬಾಲೊಕ್ ಎಂಬ ತೊಲೆ, 10ರಿಂದ 12 ಮಿಲಿಮೀಟರ್ ಕಂಬಿ, 15 ಸೆಂಟಿಮೀಟರಿಗೊಂದು ರಿಂಗು, ರಿಂಗಿನ ತುದಿ ಒಳಕ್ಕೆ 135 ಡಿಗ್ರಿ ಬಾಗಿರಬೇಕು. ಹಳ್ಳಿಯ ಮೇಸ್ತ್ರಿಗಳು ಇದನ್ನು 90ಕ್ಕೇ ಬಿಡುತ್ತಾರೆ, ಕಂಪನ ಬಂದಾಗ ಅದೇ ಬಿಚ್ಚಿಕೊಳ್ಳುತ್ತದೆ. ಕಡಲ ಮರಳನ್ನು ಕಾಂಕ್ರೀಟಿಗೆ ಹಾಕಲು ಬಿಡಬೇಡಿ, ಉಪ್ಪಿನಿಂದ ಕಂಬಿ ತುಕ್ಕು ಹಿಡಿದು ಕಂಬ ಸೀಳುತ್ತದೆ. ಫೋಟೋದಲ್ಲಿ ಚೆಂದ ಕಾಣುವ ಅಲಾಂಗ್ ಅಲಾಂಗ್ ಹುಲ್ಲಿನ ಮಾಡನ್ನು ಐದಾರು ವರ್ಷಕ್ಕೊಮ್ಮೆ ಬದಲಿಸಬೇಕು. ಸುಂಬಾದ ದಕ್ಷಿಣಕ್ಕೆ 1977ರಲ್ಲಿ, ಫ್ಲೋರೆಸ್‌ನ ಉತ್ತರಕ್ಕೆ 1992ರಲ್ಲಿ ಸುನಾಮಿ ಬಂದಿತ್ತು. ದಂಡೆಯ ಜಾಗಕ್ಕಿಂತ ಹಿಂದಿನ ದಿಬ್ಬದ ಜಾಗ ಅಗ್ಗವೂ ಹೌದು, ಸುರಕ್ಷಿತವೂ ಹೌದು.

ಊಟದ ಬಗ್ಗೆ ಸಸ್ಯಾಹಾರಿಗಳಿಗೆ ಒಂದು ಮಾತು. ತೆಂಪೆ ಎಂಬ ಹುದುಗಿಸಿದ ಸೋಯಾ, ತೋಫು, ಕಾಂಗ್‌ಕುಂಗ್ ಸೊಪ್ಪು, ಹೆಸರುಕಾಳು, ತೆಂಗು, ಹುಣಸೆ ಎಲ್ಲ ಕಡೆ ಸಿಗುತ್ತವೆ, ತೊಗರಿಬೇಳೆ ಹಳ್ಳಿಯಲ್ಲಿ ಸಿಗದು. ಪ್ಲೆಚಿಂಗ್ ಎಂಬ ಸೊಪ್ಪಿನ ಖಾರದ ತಿನಿಸಿನಲ್ಲೂ ತೆರಾಸಿ ಎಂಬ ಸೀಗಡಿಯ ಪೇಸ್ಟ್ ಇರುತ್ತದೆ. 'ತಾನ್ಪಾ ತೆರಾಸಿ', ಅಂದರೆ ತೆರಾಸಿ ಇಲ್ಲದೆ, ಎಂದು ಮೊದಲೇ ಹೇಳಿ.

ಲೆಕ್ಕ ಕೂಡುತ್ತದೆಯೇ?

ಒಂದು ಕಲ್ಪಿತ ಲೆಕ್ಕ. 10 ಆರೆ ಜಾಗ, 25 ವರ್ಷ, ಆರೆಗೆ ವರ್ಷಕ್ಕೆ 50 ಲಕ್ಷ ರೂಪಿಯಾ. ಮುಂಗಡ 125 ಕೋಟಿ ರೂಪಿಯಾ, ನಮ್ಮ ಸುಮಾರು 66 ಲಕ್ಷ. ಗುತ್ತಿಗೆ ಹಣದ ಮೇಲೆ ಒಡೆಯ ಕಟ್ಟಬೇಕಾದ ಶೇ. 10ರ ತೆರಿಗೆ ಯಾರ ಪಾಲಿಗೆಂದು ಪತ್ರದಲ್ಲಿ ಇರದಿದ್ದರೆ ಅದೂ ನಿಮ್ಮ ಮೇಲೇ ಬೀಳಬಹುದು. ಕಟ್ಟಡಕ್ಕೆ 200 ಕೋಟಿ. ಒಟ್ಟು 325 ಕೋಟಿ, 25 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 13 ಕೋಟಿ, ಏಕೆಂದರೆ ಕೊನೆಯಲ್ಲಿ ಉಳಿಯುವ ಬೆಲೆ ಸೊನ್ನೆ. ರಾತ್ರಿಗೆ 12 ಲಕ್ಷ ರೂಪಿಯಾ, ವರ್ಷದಲ್ಲಿ 164 ರಾತ್ರಿ ತುಂಬಿದರೆ ಆದಾಯ ಸುಮಾರು 19.7 ಕೋಟಿ. ಬುಕಿಂಗ್ ಸೈಟಿನ ಪಾಲು, ನಿರ್ವಹಣೆಯವರ ಪಾಲು, ಸ್ಥಳೀಯ ತೆರಿಗೆ, ದುರಸ್ತಿಗೆ ಅರ್ಧ ಹೋದರೆ ಉಳಿಯುವುದು 10 ಕೋಟಿಗೂ ಕಡಿಮೆ. ವರ್ಷಕ್ಕೆ 3 ಕೋಟಿ ನಷ್ಟ. ಕಂಪನಿಯ ಖರ್ಚನ್ನು ಇನ್ನೂ ಸೇರಿಸಿಲ್ಲ. ಏಜೆಂಟರ ಹಾಳೆಯಲ್ಲಿ ಇದೇ ವಿಲ್ಲಾ ಲಾಭದಲ್ಲಿರುತ್ತದೆ, ಏಕೆಂದರೆ ಅಲ್ಲಿ ತುಂಬುವ ರಾತ್ರಿಗಳು ಹೆಚ್ಚು, ಮತ್ತು ಕೊನೆಯಲ್ಲಿ ಜಾಗ ಕೈಬಿಡುವುದು ಲೆಕ್ಕದಲ್ಲಿಲ್ಲ.

ವೀಸಾದಲ್ಲೂ ತಪ್ಪುವುದು ಸುಲಭ. ಭಾರತೀಯರಿಗೆ ಆಗಮನ ವೀಸಾ 30 ದಿನ, ಒಮ್ಮೆ 30 ದಿನ ವಿಸ್ತರಣೆ. ಊರು ನೋಡಲು ಸಾಕು. ದೂರದಿಂದ ಕೆಲಸ ಮಾಡುವವರ ಇ33ಜಿ ವೀಸಾಕ್ಕೆ ವರ್ಷಕ್ಕೆ 60,000 ಡಾಲರ್ ಆದಾಯ ತೋರಿಸಬೇಕು. ಎರಡನೇ ಮನೆ ವೀಸಾಕ್ಕೆ ಸರ್ಕಾರಿ ಬ್ಯಾಂಕಿನಲ್ಲಿ 1,30,000 ಡಾಲರ್ ಠೇವಣಿ. ಇವೆರಡರಲ್ಲೂ ವಿಲ್ಲಾ ಬಾಡಿಗೆಗೆ ಬಿಟ್ಟು ಅತಿಥಿಗಳನ್ನು ನೋಡಿಕೊಳ್ಳುವಂತಿಲ್ಲ. ಸಿಕ್ಕಿಬಿದ್ದರೆ ಗಡೀಪಾರು. ಹೂಡಿಕೆದಾರರ ವೀಸಾಕ್ಕೆ ಕಂಪನಿಯಲ್ಲಿ ನಿಮ್ಮ ಹೆಸರಿನ ಷೇರೇ 1,000 ಕೋಟಿ ರೂಪಿಯಾ ಇರಬೇಕು.

ಆ 1,000 ಕೋಟಿ ರೂಪಿಯಾ ನಮ್ಮ ಐದು ಕೋಟಿಗೂ ಮೇಲೆ. ಭಾರತದ ನಿವಾಸಿ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಎಂಬ ಹಣ ರವಾನೆ ಯೋಜನೆಯ ಅಡಿ ಒಂದು ಹಣಕಾಸು ವರ್ಷದಲ್ಲಿ ಹೊರಗೆ ಕಳಿಸಬಹುದಾದ್ದು 2,50,000 ಡಾಲರ್, ಅದರ ಅರ್ಧಕ್ಕೂ ಕಡಿಮೆ. ಅಂದರೆ ಒಬ್ಬರೇ ಆದರೆ ಕನಿಷ್ಠ ಮೂರು ಹಣಕಾಸು ವರ್ಷಗಳ ಯೋಜನೆ. ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕು ಶೇ. 20 ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲಾಗುವ ತೆರಿಗೆ, ಹಿಡಿಯುತ್ತದೆ. ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಅಷ್ಟು ದಿನ ಆ ಹಣ ಸಿಕ್ಕಿಹಾಕಿಕೊಂಡಿರುತ್ತದೆ. ಕಂಪನಿಯ ಷೇರಿಗೆ ಹಾಕುವುದಾದರೆ ಅದು ಸಾಗರೋತ್ತರ ನೇರ ಹೂಡಿಕೆ, ಅದಕ್ಕಾಗಿ ಬ್ಯಾಂಕಿನ ಮೂಲಕ ಫಾರ್ಮ್ ಎಫ್‌ಸಿ ಎಂಬ ವಿದೇಶಿ ಹೂಡಿಕೆಯ ನಮೂನೆಯನ್ನು ಮೊದಲು ಸಲ್ಲಿಸಬೇಕು. 5 ವರ್ಷ ಮೀರಿದ ಗುತ್ತಿಗೆಗೆ 2022ರ ಸಾಗರೋತ್ತರ ಹೂಡಿಕೆ ನಿಯಮಗಳಲ್ಲಿ ಅಲ್ಪಾವಧಿ ಗುತ್ತಿಗೆಯ ರಿಯಾಯಿತಿ ಇಲ್ಲ, ಅದನ್ನು ಸ್ಥಿರಾಸ್ತಿ ಖರೀದಿಯ ಸಾಲಿನಲ್ಲೇ ಇಡಿ. ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಗಾಗಿ ಇರುವ ಷೆಡ್ಯೂಲ್ ಎಫ್‌ಎ ಭಾಗದಲ್ಲಿ ಆ ಜಾಗ, ಅಲ್ಲಿನ ಬ್ಯಾಂಕ್ ಖಾತೆ, ಕಂಪನಿಯ ಷೇರು ಮೂರನ್ನೂ ಪ್ರತಿ ವರ್ಷ ತೋರಿಸಬೇಕು, ಬಾಡಿಗೆ ಒಂದು ಪೈಸೆ ಬರದಿದ್ದರೂ. ಜಾಗ ತೋರಿಸದೆ ಬಿಟ್ಟರೆ ಕಪ್ಪುಹಣ ಕಾಯ್ದೆಯಡಿ ದಂಡ 10 ಲಕ್ಷ ರೂಪಾಯಿ.